ತಾಳವಾಡಿ ಬೆಟ್ಟದ ಆಟಗಾರರಿಗೆ: ಎದುರಾಳಿಯನ್ನು ಆರಿಸುವ ಮುನ್ನ

ತಾಳವಾಡಿ, ತಲೆಮಲೆ, ಹಾಸನೂರು, ಗಾಜನೂರು, ಗುಮಟಾಪುರದ ಮನೆಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತು ಚರಿತ್ರೆಯ ಯುದ್ಧಗಳ ಆಟ ಆಡುವ ತಮ್ಮಂದಿರೇ, ತಂಗಿಯರೇ,

ನಿಮ್ಮದೊಂದು ಅಭ್ಯಾಸದ ಬಗ್ಗೆ ಈ ಪತ್ರ. ‘ಏಜ್ ಆಫ್ ಎಂಪೈರ್ಸ್’ ಶುರುವಾಗುವ ಮುನ್ನ ಕಂಪ್ಯೂಟರ್ ಎಷ್ಟು ಗಟ್ಟಿ ಇರಬೇಕು ಎಂದು ಕೇಳುವ ಪಟ್ಟಿ ಬರುತ್ತದಲ್ಲ, ಅಲ್ಲಿ ನೀವು ಹಿಂದೆಮುಂದೆ ನೋಡದೆ ಕಟ್ಟಕಡೆಯ ‘ಹಾರ್ಡೆಸ್ಟ್’ ಒತ್ತುತ್ತೀರಿ. ಗೆದ್ದರೆ ಬೀದಿಗೆಲ್ಲ ಹೇಳುತ್ತೀರಿ. ಸೋತವರು, ಅದರಲ್ಲೂ ಈಗಷ್ಟೇ ಕಲಿಯುತ್ತಿರುವ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು, ‘ನನ್ನ ತಲೆಗೆ ಇದು ಹತ್ತಲ್ಲ’ ಎಂದು ಎದ್ದುಹೋಗುತ್ತಾರೆ. ಹಾಗೆ ಎದ್ದುಹೋದವರನ್ನು ನಾನು ಬಹಳ ನೋಡಿದ್ದೇನೆ, ನನಗೆ ಸಂಕಟವಾಗಿದೆ. ಅವರನ್ನು ಸೋಲಿಸಿದ್ದು ಕಂಪ್ಯೂಟರಿನ ಬುದ್ಧಿ ಆಗಿರಲಿಲ್ಲ, ಅದಕ್ಕೆ ಗುಟ್ಟಾಗಿ ಸಿಕ್ಕ ಸಾಮಾನು. ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೇರೆ ಊರಿನವರಿಗಿಂತ ನಮಗೆ ಈ ವಿಷಯ ಹತ್ತಿರದ್ದು. 2011ರಲ್ಲಿ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿದ ಮೇಲೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮನೆಗೂ ಕಂಪ್ಯೂಟರ್ ಬಂತು. ಅಣ್ಣ ಓದು ಮುಗಿಸಿ ತಿರುಪ್ಪೂರಿಗೋ ಮೈಸೂರಿಗೋ ಕೆಲಸಕ್ಕೆ ಹೋದ, ಲ್ಯಾಪ್‌ಟಾಪ್ ತಮ್ಮನ ಕೈಗೆ ಬಂತು. ಅದರಲ್ಲಿ ಇವತ್ತಿನ ಭಾರೀ ಆಟಗಳು ಓಡುವುದಿಲ್ಲ, ‘ಏಜ್ ಆಫ್ ಎಂಪೈರ್ಸ್’ ಸರಣಿಯ ಎರಡನೆಯದಾದ 1999ರ ‘ಏಜ್ ಆಫ್ ಕಿಂಗ್ಸ್’ ಸಲೀಸಾಗಿ ಓಡುತ್ತದೆ. ಆ ಆಟ ಕೇಳುತ್ತಿದ್ದುದು ಬರೀ 166 ಮೆಗಾಹರ್ಟ್ಸ್‌ನ ಪೆಂಟಿಯಂ, 32 ಎಂ.ಬಿ. ರ್‍ಯಾಮ್. ಇನ್ನು ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಬಂದಷ್ಟು ಬಂತು, ಹೋದಷ್ಟು ಹೋಯಿತು. ಕೊಯಮತ್ತೂರಿನ ಹುಡುಗ ಯಾವುದೋ ದೇಶದ ಮನುಷ್ಯನ ಜೊತೆ ಆನ್‌ಲೈನ್‌ನಲ್ಲಿ ಆಡಬಹುದು. ನಮಗೆ ಅಷ್ಟು ಹೊತ್ತು ನೆಟ್‌ವರ್ಕ್ ನಿಲ್ಲುವ ನಂಬಿಕೆ ಇಲ್ಲ. 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲಂತೂ ಸಂಜೆ ಕಳೆದರೆ ಊರು ತನ್ನ ಪಾಡಿಗೆ ತಾನು. ಹಾಗಾಗಿ ನಮ್ಮ ಪಾಲಿಗೆ ಎದುರಾಳಿ ಎಂದರೆ ಕಂಪ್ಯೂಟರೇ. ವರ್ಷಗಟ್ಟಲೆ ಅದೊಂದರ ಜೊತೆಯೇ ಆಡುವವರು ಅದರ ಗುಣ ತಿಳಿದಿರಬೇಕು.

ಮೊದಲು ‘ಏಜ್ ಆಫ್ ಕಿಂಗ್ಸ್’. ಐದು ಮಟ್ಟಗಳಿವೆ: ಈಸಿಯೆಸ್ಟ್, ಸ್ಟ್ಯಾಂಡರ್ಡ್, ಮಾಡರೇಟ್, ಹಾರ್ಡ್, ಹಾರ್ಡೆಸ್ಟ್. ಒಂದೊಂದು ಮಟ್ಟ ಏರಿದಂತೆ ಕಂಪ್ಯೂಟರಿನ ಯೋಚನೆ ಚುರುಕಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕೆಳಗಿನ ಮಟ್ಟಗಳಲ್ಲಿ ಆಗುವುದು ಬೇರೆ: ಕಂಪ್ಯೂಟರನ್ನು ಬೇಕೆಂದೇ ಹಿಡಿದು ನಿಲ್ಲಿಸಿರುತ್ತಾರೆ. ಸೈನಿಕರು ಕಡಿಮೆ, ದಾಳಿ ತಡ. ಮೇಲೆ ಹೋದಂತೆ ಆ ಹಗ್ಗ ಸಡಿಲವಾಗುತ್ತದೆ. ಹಾರ್ಡೆಸ್ಟ್‌ನಲ್ಲಿ ಮಾತ್ರ ಇನ್ನೊಂದು ಸಂಗತಿ ಸೇರುತ್ತದೆ. ಅಲ್ಲಿ ಕಂಪ್ಯೂಟರಿಗೆ ಆಹಾರ, ಮರ, ಚಿನ್ನ, ಕಲ್ಲು ಪುಕ್ಕಟೆಯಾಗಿ ಬಂದು ಬೀಳುತ್ತದೆ. ಆ ಮರವನ್ನು ಯಾವ ಹಳ್ಳಿಗನೂ ಕಡಿದಿರುವುದಿಲ್ಲ, ಆ ಚಿನ್ನವನ್ನು ಯಾವ ಗಣಿಯಿಂದಲೂ ಅಗೆದಿರುವುದಿಲ್ಲ. ಎದುರಾಳಿಯ ನಡೆ ಬರೆಯುವ ಆಟದ ಸ್ಕ್ರಿಪ್ಟ್ ಭಾಷೆಯಲ್ಲಿ ಇದಕ್ಕೆಂದೇ ‘ಸಿಸಿ-ಆಡ್-ರಿಸೋರ್ಸ್’ ಎಂಬ ಆಜ್ಞೆ ಇದೆ. ನೀವು ಹಂದಿ ಬೇಟೆಯಾಡಿ, ಕುರಿ ಹುಡುಕಿ, ಒಬ್ಬೊಬ್ಬ ಹಳ್ಳಿಗನಿಗೂ 50 ಆಹಾರ ಎಣಿಸಿಕೊಟ್ಟು ಸಂಸಾರ ಕಟ್ಟುವ ಹೊತ್ತಿಗೆ, ಆಚೆ ಕಡೆಯವನ ಕಣಜಕ್ಕೆ ಹಿಂಬಾಗಿಲಿನಿಂದ ಸುರಿದಾಗಿದೆ. 1997ರ ಮೊದಲ ‘ಏಜ್ ಆಫ್ ಎಂಪೈರ್ಸ್’ನ ಕೊನೆಯ ಮಟ್ಟದಲ್ಲೂ ಇದೇ ಕಥೆ.

ಅಷ್ಟೆಲ್ಲ ಸಿಕ್ಕರೂ ಈ ಹಳೆಯ ಎದುರಾಳಿಯ ಯೋಚನೆ ಒಂದು ಗೆರೆಯೂ ಬದಲಾಗುವುದಿಲ್ಲ. ನಿಮ್ಮ ಕೋಟೆಯ ಬಾಣದ ಕೆಳಗೆ ತನ್ನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ತಂದು ಕೊಲ್ಲಿಸಿಕೊಳ್ಳುತ್ತದೆ. ಅಲ್ಲೇ ಸತ್ತವರನ್ನು ನೋಡಿಯೂ ಮುಂದಿನವರನ್ನು ಅದೇ ದಾರಿಯಲ್ಲಿ ಕಳಿಸುತ್ತದೆ. ಗುಡ್ಡದ ಮೇಲಿಂದ ಹೊಡೆದರೆ ಏಟು ನೂರಕ್ಕೆ 25ರಷ್ಟು ಹೆಚ್ಚು, ಕೆಳಗಿಂದ ಮೇಲಕ್ಕೆ ಹೊಡೆದರೆ 25ರಷ್ಟು ಕಡಿಮೆ ಎಂಬ ನಿಯಮ ಈ ಆಟದಲ್ಲಿದೆ. ಬೆಟ್ಟದವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಹಳೆಯ ಕಂಪ್ಯೂಟರ್ ಎತ್ತರ ನೋಡಿ ದಾರಿ ಆರಿಸಿದ್ದನ್ನು ನಾನು ಕಂಡಿಲ್ಲ.

ಆಟ ಬರೆದವರಿಗೆ ಬುದ್ಧಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಧಾರಾಳವಾಗಿತ್ತು, ಅವರ ಕೈ ಕಟ್ಟಿದ್ದು ಯಂತ್ರ. 1997ರ ಮೇ ತಿಂಗಳಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚೆಸ್‌ನಲ್ಲಿ ಗ್ಯಾರಿ ಕಾಸ್ಪರೋವ್‌ರನ್ನು ಸೋಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಮೊದಲ ‘ಏಜ್ ಆಫ್ ಎಂಪೈರ್ಸ್’ನ ಕಂಪ್ಯೂಟರಿಗೆ ಹಳ್ಳಿಯ ಹುಡುಗನನ್ನು ಸೋಲಿಸಲು ಪುಕ್ಕಟೆ ಚಿನ್ನ ಬೇಕಾಯಿತು. ಚೆಸ್‌ನಲ್ಲಿ 64 ಮನೆ, ಎಲ್ಲವೂ ಕಣ್ಣೆದುರು, ಒಬ್ಬರಾದ ಮೇಲೆ ಒಬ್ಬರು, ಮತ್ತು ಆ ಕೆಲಸಕ್ಕೆಂದೇ ಕಟ್ಟಿದ ದೈತ್ಯ ಯಂತ್ರ. ಇಲ್ಲಿ ಸಾವಿರಾರು ಚೌಕದ ನೆಲ, ಅರ್ಧಕ್ಕರ್ಧ ಕತ್ತಲೆ, ನೂರಾರು ಜೀವಗಳು, ಎಲ್ಲವೂ ಒಟ್ಟಿಗೇ ಚಲಿಸುತ್ತವೆ. ಮನೆಯ ಸಣ್ಣ ಪ್ರೊಸೆಸರ್ ಚಿತ್ರ ಬಿಡಿಸಬೇಕು, ಸದ್ದು ಮಾಡಬೇಕು, ನೂರು ಜನಕ್ಕೆ ದಾರಿ ಹುಡುಕಿಕೊಡಬೇಕು. ಅದೆಲ್ಲ ಮುಗಿದು ಉಳಿದ ಚೂರು ಸಮಯದಲ್ಲಿ ಎದುರಾಳಿಯ ತಲೆ ಓಡಬೇಕು. ಆಟ ಬಿಗಿಯಾಗಬೇಕೆಂದರೆ ಬರೆದವರ ಕೈಗೆ ಸುಲಭವಾಗಿ ಸಿಕ್ಕಿದ್ದು ಸಾಮಾನು ಕೊಡುವ ದಾರಿ. ಅದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಆಡುವ ಮಗುವಿಗೆ ಅದನ್ನು ಪಟ್ಟಿಯ ಪಕ್ಕದಲ್ಲೇ ಹೇಳಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ಹೋಲಿಸಿದರೆ ಸಿಡ್ ಮೈಯರ್ ಅವರ ‘ಸಿವಿಲೈಜೇಷನ್’ ಆಟಗಳ ಮರ್ಯಾದೆ ಬೇರೆ. 1991ರ ಮೊದಲನೆಯದರಲ್ಲಿ ಚೀಫ್‌ಟನ್‌ನಿಂದ ಎಂಪರರ್ ತನಕ ಐದು ಮಟ್ಟ. ಮೇಲೆ ಹೋದಂತೆ ನಿಮ್ಮ ಪ್ರಜೆಗಳು ಬೇಗ ಸಿಟ್ಟಾಗುತ್ತಾರೆ. ಅಂದರೆ ಕಷ್ಟದ ಒಂದು ಪಾಲು ಎದುರಾಳಿಯಿಂದ ಬರದೆ ನಿಮ್ಮ ಮನೆಯೊಳಗಿಂದಲೇ ಬರುತ್ತದೆ. ಮೂರನೆಯದರಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ‘ರೀಜೆಂಟ್’ ಮಟ್ಟದಲ್ಲಿ ಇಬ್ಬರಿಗೂ ಒಂದೇ ಬೆಲೆ. ‘ಡೀಟಿ’ ಮಟ್ಟದಲ್ಲಿ ನಿಮಗೆ 100 ತಗಲುವ ಕೆಲಸ ಕಂಪ್ಯೂಟರಿಗೆ 60ಕ್ಕೆ ಮುಗಿಯುತ್ತದೆ. 2003ರಲ್ಲಿ ಸೇರಿಸಿದ ‘ಸಿಡ್’ ಮಟ್ಟದಲ್ಲಿ 40ಕ್ಕೇ. 2005ರ ನಾಲ್ಕನೆಯದರಲ್ಲಿ ಒಂಬತ್ತು ಮಟ್ಟ. ಕೆಳಗಿನಿಂದ ನಾಲ್ಕನೆಯದಾದ ‘ನೋಬಲ್’ ಸಮನೆಲ, ತುದಿಯ ‘ಡೀಟಿ’ಯಲ್ಲಿ ಕಂಪ್ಯೂಟರ್ ಒಂದು ಊರು ಹೂಡುವ ಬದಲು ಎರಡು ಊರು ಹೂಡುವಷ್ಟು ಜನರೊಂದಿಗೆ ಹೊರಡುತ್ತದೆ. ಇಲ್ಲಿ ಸಮನೆಲ ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ಅದಕ್ಕಿಂತ ಎರಡು ಮಟ್ಟ ಮೇಲೆ ಆಡಿ ಗೆದ್ದವನು ಎಷ್ಟು ಭಾರ ಹೊತ್ತು ಗೆದ್ದ ಎಂದು ಅಳೆಯಬಹುದು. ಸೋತವನಿಗೂ ಲೆಕ್ಕ ಸಿಗುತ್ತದೆ.

ಆದರೆ ಸಾಮಾನಿನ ಮೋಸಕ್ಕಿಂತ ನನ್ನನ್ನು ಹೆಚ್ಚು ಕೆರಳಿಸುವುದು ಕಣ್ಣಿನ ಮೋಸ. ಮೂರನೆಯ ‘ಸಿವಿಲೈಜೇಷನ್’ನಲ್ಲಿ ಆಟಗಾರರು ಬಹಳ ಬೇಗ ಒಂದು ವಿಚಿತ್ರ ಗಮನಿಸಿದರು: ಯಾರಿಗೂ ಬೇಡದ ಬರಡು ನೆಲದ ಮೂಲೆಗೆ ಕಂಪ್ಯೂಟರ್ ಓಡಿ ಬಂದು ಊರು ಕಟ್ಟುತ್ತದೆ, ಎಷ್ಟೋ ಶತಮಾನ ಕಳೆದ ಮೇಲೆ ಅಲ್ಲೇ ಎಣ್ಣೆ ಸಿಗುತ್ತದೆ. ನಮಗೆ ಕತ್ತಲೆಯಾಗಿರುವ ನೆಲ ಅದಕ್ಕೆ ಹಗಲು. ಚಿನ್ನ ಹೆಚ್ಚಿದ್ದವನನ್ನು ಉಪಾಯದಿಂದ ಸೋಲಿಸಬಹುದು. ನಿಮ್ಮ ಅಡಗುತಾಣವನ್ನು ಮೊದಲೇ ಬಲ್ಲವನ ಮುಂದೆ ಉಪಾಯಕ್ಕೆ ಬೆಲೆಯೇ ಇಲ್ಲ. ಹೊಂಚು ಹಾಕುವುದು, ಸುತ್ತು ಬಳಸಿ ಬರುವುದು, ಸುಳ್ಳು ದಾಳಿ ತೋರಿಸಿ ಇನ್ನೊಂದು ಕಡೆ ನುಗ್ಗುವುದು, ಅಂದರೆ ಚರಿತ್ರೆಯ ಯುದ್ಧಗಳಲ್ಲಿ ಏನೇನು ಸ್ವಾರಸ್ಯವೋ ಅದೆಲ್ಲ ಅಲ್ಲಿ ಸತ್ತುಹೋಗುತ್ತದೆ.

ಅಸಮಾನತೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಜಗಲಿಗಳ ಮೇಲೆ ಸುಣ್ಣದ ಗೆರೆ ಎಳೆದು ಅಜ್ಜಿಯರು ಆಡಿಸುತ್ತಿದ್ದ ಹುಲಿ-ಕುರಿ ಆಟ ನೋಡಿ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕೊಲ್ಲಬಹುದು, ಕುರಿಗೆ ಆ ಹಕ್ಕಿಲ್ಲ. ಕುರಿಗಳು ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಬಹುದು, ಹುಲಿಗೆ ಆ ಬಲವಿಲ್ಲ. ಇದಕ್ಕಿಂತ ಅಸಮಾನವಾದ ಆಟ ಎಲ್ಲಿದೆ? ಆದರೂ ಅದರಲ್ಲಿ ಸೋತು ಯಾವ ಮಗುವೂ ತನ್ನ ತಲೆಯನ್ನು ಹಳಿದುಕೊಳ್ಳಲಿಲ್ಲ. ಯಾರ ಕೈಯಲ್ಲಿ ಏನಿದೆ ಎಂಬುದು ಗೆರೆಯ ಮೇಲೇ ಇತ್ತು. ಒಂದು ಆಟ ಮುಗಿದ ಮೇಲೆ ಹುಲಿ ಆಡಿದವರು ಕುರಿ ಆಡುತ್ತಿದ್ದರು. ಹಾರ್ಡೆಸ್ಟ್ ಆಡುವ ಕಂಪ್ಯೂಟರ್ ನಿಮಗೆ ಎಂದಾದರೂ ತನ್ನ ಕಡೆ ಕೂರಲು ಜಾಗ ಬಿಟ್ಟುಕೊಟ್ಟಿದೆಯೇ?

ಹೊಸ ಕಾಲದಲ್ಲಿ ಇದು ಸುಧಾರಿಸಿದೆ, ಅದನ್ನೂ ಹೇಳಬೇಕು. 2019ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2’ರ ‘ಡೆಫಿನಿಟಿವ್ ಎಡಿಷನ್’ನ ಕಂಪ್ಯೂಟರ್ ಪುಕ್ಕಟೆ ಸಾಮಾನು ಪಡೆಯದೆ ಆಡುತ್ತದೆ ಎಂದು ಅದನ್ನು ಮಾಡಿದವರೇ ಹೇಳಿದರು. ಹಳೆಯ ಸಿ.ಡಿ. ಕಾಲದ ಎದುರಾಳಿಯನ್ನೂ ಅದರಲ್ಲಿ ಉಳಿಸಿದ್ದಾರೆ; ಎರಡನ್ನೂ ಒಂದೇ ನಕ್ಷೆಯಲ್ಲಿ ಎದುರುಬದುರು ನಿಲ್ಲಿಸಬಹುದು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ಆವೃತ್ತಿ ಓಡುವ ಯಂತ್ರವಿದ್ದರೆ ಒಂದು ಸಂಜೆ ಸುಮ್ಮನೆ ಕೂತು ನೋಡಿ. ಹೊಸದು ಹಂದಿಯನ್ನು ಟೌನ್ ಸೆಂಟರ್ ತನಕ ಸೆಳೆದು ತರುತ್ತದೆ, ಕಲ್ಲೆಸೆಯುವ ಯಂತ್ರದ ಗುಂಡು ಬೀಳುವ ಮೊದಲೇ ಸೈನಿಕರನ್ನು ಚದುರಿಸುತ್ತದೆ. ಇಲ್ಲೂ ಒಂದು ತಕರಾರು ಇದೆ: ಅದಕ್ಕೆ ಮೌಸ್ ಹಿಡಿಯುವ ಕೈಯಿಲ್ಲ, ಒಂದೇ ಕ್ಷಣದಲ್ಲಿ ಹತ್ತು ಕಡೆ ಆಜ್ಞೆ ಕೊಡಬಲ್ಲದು. ಡೀಪ್‌ಮೈಂಡ್ ಕಂಪನಿ ‘ಸ್ಟಾರ್‌ಕ್ರಾಫ್ಟ್’ ಆಡಲು ಮಾಡಿದ ಆಲ್ಫಾಸ್ಟಾರ್ ಮೇಲೂ 2019ರಲ್ಲಿ ಇದೇ ಆಕ್ಷೇಪ ಬಂದು, ಅದರ ಕೈವೇಗಕ್ಕೆ, ನೋಟಕ್ಕೆ ಮಿತಿ ಹಾಕಬೇಕಾಯಿತು. ಆದರೂ ಕೈ ಚುರುಕಿನವನ ಎದುರು ಸೋಲುವುದರಲ್ಲಿ ಕಲಿಯುವುದು ಬಹಳ ಇದೆ. ಹಂದಿ ಸೆಳೆಯುವುದನ್ನು ನಾನು ಹಾಗೆಯೇ ಕಲಿತೆ.

2022ರಲ್ಲಿ ಅದೇ ಆಟಕ್ಕೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಸೇರಿತು. ದ್ರಾವಿಡರು, ಬಂಗಾಳಿಗಳು, ಗುರ್ಜರರು ಬಂದರು. ದ್ರಾವಿಡ ಪಡೆಯವರು ತಮಿಳಿನಲ್ಲಿ ಮಾತಾಡುತ್ತಾರೆ, ರಾಜೇಂದ್ರ ಚೋಳನ ದಂಡಯಾತ್ರೆ ಆಡಲು ಸಿಗುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎನ್ನುವ ನಮಗೆ ಎರಡೂ ಕಿವಿಗೆ ಹಿತವೇ. ಆದರೆ ನಮ್ಮ ಈ ನೆಲ? ಕೊಂಗುನಾಡಿನಿಂದ ಮೈಸೂರು ಸೀಮೆಗೆ ಹತ್ತುವ ಘಾಟಿಗಳು, ಹೊಯ್ಸಳರ ದಂಡನಾಯಕರು ಕಟ್ಟಿಸಿ ಈಗ ಭವಾನಿಸಾಗರದ ನೀರಿನೊಳಗೆ ಮುಳುಗಿರುವ ಡಣಾಯಕನ ಕೋಟೆ, ಇವು ಯಾವ ಆಟದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. 2000ರಲ್ಲಿ ‘ಏಜ್ ಆಫ್ ಕಿಂಗ್ಸ್’ನ ವಿಸ್ತರಣೆಯಾಗಿ ಬಂದ ‘ದ ಕಾಂಕರರ್ಸ್’ನಲ್ಲಿ 1415ರ ಅಜಿನ್‌ಕೋರ್ಟ್ ಯುದ್ಧದ ನಕ್ಷೆ ಇದೆ. ಅಜಿನ್‌ಕೋರ್ಟ್ ಫ್ರಾನ್ಸ್‌ನ ಒಂದು ಸಣ್ಣ ಹಳ್ಳಿ. ಲೋಕದ ಮಕ್ಕಳೆಲ್ಲ ಆ ಹಳ್ಳಿಯ ಕೆಸರಿನಲ್ಲಿ ಕುದುರೆ ಓಡಿಸಿದ್ದಾರೆ. ನಮ್ಮ ಗಜ್ಜಲಹಟ್ಟಿ ಕಣಿವೆ ಅದಕ್ಕಿಂತ ಯಾವುದರಲ್ಲಿ ಕಡಿಮೆ?

ಗಜ್ಜಲಹಟ್ಟಿಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಠಿಣ ಎದುರಾಳಿ ಎಂದರೆ ಹೇಗಿರುತ್ತಾನೆ ಎನ್ನುವುದಕ್ಕೆ ನಮ್ಮ ಬಾಗಿಲಲ್ಲೇ ಇರುವ ಉದಾಹರಣೆ ಅದು. 1790, ಮೂರನೆಯ ಆಂಗ್ಲೋ-ಮೈಸೂರು ಯುದ್ಧ. ಇಂಗ್ಲಿಷರ ಜನರಲ್ ಮೆಡೋಸ್ ಮದರಾಸಿನ ಸೈನ್ಯ ತೆಗೆದುಕೊಂಡು ಕೊಯಮತ್ತೂರು ಹಿಡಿದು ಕೂತಿದ್ದ. ಗಜ್ಜಲಹಟ್ಟಿ ಕಣಿವೆಯ ಮೂಲಕ ಮೈಸೂರು ಸೀಮೆಗೆ ಹತ್ತಬೇಕೆನ್ನುವುದು ಅವನ ಲೆಕ್ಕ. ಸೈನ್ಯದ ಒಂದು ಭಾಗ ಅವನ ಜೊತೆ ಕೊಯಮತ್ತೂರಿನಲ್ಲಿ, ಒಂದು ಭಾಗ ಪಾಲಕ್ಕಾಡಿನ ಕಡೆ, ಇನ್ನೊಂದು ಭಾಗ ಕರ್ನಲ್ ಫ್ಲಾಯ್ಡ್ ಕೈಕೆಳಗೆ ಭವಾನಿ ನದಿಯ ಹತ್ತಿರ ಸತ್ಯಮಂಗಲದಲ್ಲಿ. ಮೈಸೂರಿನ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಿಂದ ಹೊರಟ ಸುದ್ದಿ ಫ್ಲಾಯ್ಡ್‌ನ ಬೇಹಿನವರಿಗೆ ಸಿಕ್ಕಿತು. ಅವನು ಅದನ್ನು ಮೇಲಕ್ಕೆ ತಿಳಿಸಿದ. ಮೆಡೋಸ್ ನಂಬಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಟಿಪ್ಪು ತನ್ನ ಭಾರದ ಸಾಮಾನನ್ನು ಘಾಟಿಯ ಮೇಲೆಯೇ ಬಿಟ್ಟು, ಇಂಗ್ಲಿಷರು ಹತ್ತಬೇಕೆಂದಿದ್ದ ಅದೇ ಕಣಿವೆಯಲ್ಲಿ ಇಳಿದು ಬಂದ. 13ರಂದು ಸತ್ಯಮಂಗಲದ ಹತ್ತಿರ ಕಾಳಗ. ಬೇಲಿಕಟ್ಟಿದ ಹೊಲಗಳಲ್ಲಿ ಮೈಸೂರಿನ ಕುದುರೆ ಪಡೆ ಸಿಕ್ಕಿಕೊಂಡು ಏಟು ತಿಂದಿತು; ಫಿರಂಗಿಗಳ ಮಾತು ಬಂದಾಗ ಫ್ಲಾಯ್ಡ್ ಏಟು ತಿಂದ. ಮರುದಿನ ಅವನು ಕೆಲವು ಫಿರಂಗಿಗಳನ್ನು ಬಿಟ್ಟು ಕೊಯಮತ್ತೂರಿನ ಕಡೆ ಹಿಂದೆ ಸರಿದ. ಟಿಪ್ಪುವಿನ ದಳಪತಿ ಬುರ್ಹಾನುದ್ದೀನ್ ಆ ಬೆನ್ನಟ್ಟುವಿಕೆಯಲ್ಲಿ ಸತ್ತ. ಆಮೇಲೆ ಈರೋಡು, ಧಾರಾಪುರಂ ಟಿಪ್ಪುವಿನ ವಶವಾದವು. 1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡು ನಡೆಸಲು ಬಂದಾಗ ಈ ದಾರಿಯನ್ನೇ ಕೈಬಿಟ್ಟು, ಮುಗಲಿ ಘಾಟಿ ಹತ್ತಿ ಕೋಲಾರದ ಮೇಲೆ ಬೆಂಗಳೂರಿಗೆ ಬಂದ.

ಈ ಇಡೀ ಪ್ರಸಂಗವನ್ನು ಆಟಗಾರನ ಕಣ್ಣಿನಿಂದ ನೋಡಿ. ಟಿಪ್ಪುವಿಗೆ ಆಕಾಶದಿಂದ ಚಿನ್ನ ಬೀಳಲಿಲ್ಲ. ಶತ್ರು ಮೂರು ತುಂಡಾಗಿ ನಿಂತಿರುವುದನ್ನು ಅವನು ಕಂಡ, ಭಾರ ಇಳಿಸಿ ವೇಗ ಪಡೆದ, ಎದುರಾಳಿ ತನ್ನದೆಂದುಕೊಂಡಿದ್ದ ದಾರಿಯನ್ನೇ ಮೊದಲು ಬಳಸಿದ. ಆಚೆ ಕಡೆ ಮೆಡೋಸ್‌ನ ಕೈಯಲ್ಲಿ ಸರಿಯಾದ ಸುದ್ದಿ ಇತ್ತು, ಅದರ ಮೇಲೆ ನಂಬಿಕೆ ಇರಲಿಲ್ಲ. ಇಷ್ಟೂ ಕಷ್ಟವನ್ನು ಸಮನೆಲದಲ್ಲೇ ಕಟ್ಟಬಹುದು. ಇಂಥ ಎದುರಾಳಿ ನನಗೆ ಬೇಕು. ಇಂಥವನ ಕೈಯಲ್ಲಿ ಸೋತರೆ ನಕ್ಷೆಯನ್ನು ಮತ್ತೆ ತೆರೆದು, ನಾನು ಎಲ್ಲಿ ಸ್ಕೌಟ್ ಕಳಿಸಬೇಕಿತ್ತು ಎಂದು ಹುಡುಕುತ್ತೇನೆ.

ಈಗ ನನ್ನ ಕೋರಿಕೆ. ಈ ನಕ್ಷೆಯನ್ನು ನಾವೇ ಮಾಡೋಣ. ‘ಏಜ್ ಆಫ್ ಕಿಂಗ್ಸ್’ ಜೊತೆಗೇ ಬರುವ ಸಿನಾರಿಯೋ ಎಡಿಟರ್ ಸಾಕು. ಅತಿ ದೊಡ್ಡ ನಕ್ಷೆ 240ಕ್ಕೆ 240 ಚೌಕ. ಬಡಗಣ ಅರ್ಧ ಎತ್ತರದ ಬಯಲು, ನಡುವೆ ದಟ್ಟ ಕಾಡಿನ ಇಳಿಜಾರು, ಕೆಳಗೆ ಮೊಯಾರ್ ಬಂದು ಭವಾನಿಗೆ ಸೇರುವ ತಗ್ಗು, ಅದರಾಚೆ ಸತ್ಯಮಂಗಲ. ಇಳಿಯಲು ಎರಡು ದಾರಿ: ಗಜ್ಜಲಹಟ್ಟಿ ಒಂದು, ಈಗ 27 ತಿರುವುಗಳಿರುವ ದಿಂಬಂ ಕಡೆಯದು ಇನ್ನೊಂದು. ಆಟದ ಕಾಲ ಮಧ್ಯಯುಗದ್ದು, 1790ಕ್ಕೆ ಸರಿಹೊಂದುವುದಿಲ್ಲ ಎನ್ನುವವರು ಕೈಕೋವಿ, ಫಿರಂಗಿ ಬಳಸಿ ಸರಿದೂಗಿಸಬಹುದು; ಅಥವಾ ಹೊಯ್ಸಳರ ಕಾಲಕ್ಕೇ ಹೋಗಿ ಡಣಾಯಕನ ಕೋಟೆಯನ್ನು ಕಾಯುವ ಆಟ ಮಾಡಬಹುದು. ನನಗೆ ಎರಡೂ ಒಪ್ಪಿಗೆ.

ಎದುರಾಳಿಯನ್ನೂ ನಾವೇ ಬರೆಯೋಣ. ಹೆದರಬೇಡಿ, ಅದು ನೋಟ್‌ಪ್ಯಾಡ್‌ನಲ್ಲಿ ಬರೆಯುವ ಸಾದಾ ಅಕ್ಷರದ ಕಡತ. ಒಂದೊಂದು ನಿಯಮಕ್ಕೂ ಎರಡು ಭಾಗ: ಇಂತಿಂಥದ್ದು ಇದ್ದರೆ, ಇಂತಿಂಥದ್ದು ಮಾಡು. ಹಳ್ಳಿಗರು 20ಕ್ಕಿಂತ ಕಡಿಮೆ ಇದ್ದು, ಹಳ್ಳಿಗನನ್ನು ತಯಾರಿಸುವಷ್ಟು ಆಹಾರ ಇದ್ದರೆ, ತಯಾರಿಸು. ಇಂಥ ನೂರು ಇನ್ನೂರು ನಿಯಮಗಳನ್ನು ಕಂಪ್ಯೂಟರ್ ಮೇಲಿಂದ ಕೆಳಗೆ ಓದುತ್ತಲೇ ಇರುತ್ತದೆ. ಹತ್ತನೆಯ ತರಗತಿಯ ಮಗುವಿಗೆ ಇದು ಖಂಡಿತ ಸಾಧ್ಯ. ಪ್ರೋಗ್ರಾಮಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಯಾದೃಚ್ಛಿಕವಾಗಿ ಒಂದು ಸಂಖ್ಯೆ ಹುಟ್ಟಿಸುವ ಆಜ್ಞೆಯೂ ಅದರಲ್ಲಿದೆ. ಆ ಸಂಖ್ಯೆ ನೋಡಿಕೊಂಡು ಒಂದು ಆಟದಲ್ಲಿ ಗಜ್ಜಲಹಟ್ಟಿಯಲ್ಲಿ ಇಳಿಯಲಿ, ಇನ್ನೊಂದರಲ್ಲಿ ದಿಂಬಂ ಕಡೆಯಿಂದ ಬರಲಿ, ಮತ್ತೊಂದರಲ್ಲಿ ಒಂದು ಕಡೆ ನಾಲ್ಕು ಕುದುರೆ ತೋರಿಸಿ ಇನ್ನೊಂದು ಕಡೆ ಪಡೆ ಇಳಿಸಲಿ. ಆಗ ಬೇಹು ಕಳಿಸದವನು ಸೋಲುತ್ತಾನೆ, ಸುದ್ದಿ ಬಂದರೂ ಕದಲದವನು ಸೋಲುತ್ತಾನೆ. ‘ಸಿಸಿ-ಆಡ್-ರಿಸೋರ್ಸ್’ ಎಂಬ ಸಾಲನ್ನು ಮಾತ್ರ ಯಾರೂ ಬರೆಯಕೂಡದು. ಒಂದು ವೇಳೆ ಒಂದು ಕಡೆಗೆ ಹೆಚ್ಚು ಬಲ ಕೊಡಲೇಬೇಕೆಂದರೆ ಆಟ ಶುರುವಾಗುವ ಮೊದಲೇ ಪರದೆಯ ಮೇಲೆ ಕನ್ನಡದಲ್ಲಿ, ತಮಿಳಿನಲ್ಲಿ ಎಷ್ಟು ಕೊಟ್ಟಿದ್ದೇವೆ ಎಂದು ಹೇಳಿಬಿಡೋಣ. ಹಳೆಯ ಆವೃತ್ತಿಗೆ ನಮ್ಮ ಲಿಪಿ ಹತ್ತದಿದ್ದರೆ ಚಿತ್ರವಾಗಿ ಅಂಟಿಸೋಣ.

ಅಲ್ಲಿಯವರೆಗೆ ಆಡುವವರಿಗೆ ಒಂದು ಮಾತು. ‘ಏಜ್ ಆಫ್ ಕಿಂಗ್ಸ್’ನಲ್ಲಿ ‘ಹಾರ್ಡ್’ ಮಟ್ಟಕ್ಕೆ ಬಂದು ನಿಲ್ಲಿ. ಅಲ್ಲಿ ಗೆಲುವು ಸಲೀಸಾದರೆ ಮಟ್ಟ ಏರಿಸುವ ಬದಲು ಎದುರಾಳಿಗಳ ಸಂಖ್ಯೆ ಏರಿಸಿ: ಒಬ್ಬರ ಎದುರು ಇಬ್ಬರು, ಇಬ್ಬರ ಎದುರು ಮೂವರು. ಆಗ ಭಾರ ಎಷ್ಟು ಎಂದು ನಿಮಗೇ ಎಣಿಸಲು ಬರುತ್ತದೆ. ‘ಸಿವಿಲೈಜೇಷನ್’ ಆಡುವವರು ಸಮನೆಲದ ಮಟ್ಟದಿಂದಲೇ ಶುರುಮಾಡಿ. ಪಕ್ಕದಲ್ಲಿ ಕೂತು ನೋಡುವ ತಂಗಿಯ ಕೈಗೂ ಮೌಸ್ ಕೊಡಿ. ಅವಳಿಗೆ ‘ಹಾರ್ಡೆಸ್ಟ್’ ಒತ್ತಿಕೊಟ್ಟು ಸೋಲಿಸಿ ನಗುವುದನ್ನು ದಯವಿಟ್ಟು ನಿಲ್ಲಿಸಿ.

ದೀಪಾವಳಿಗೆ ಎಲ್ಲರೂ ಊರಿಗೆ ಬರುತ್ತೀರಿ. ಗುಮಟಾಪುರದ ಗೊರೆಹಬ್ಬ ಮುಗಿದ ಮರುದಿನ ಒಂದು ಕಡೆ ಸೇರೋಣ. ಮಾಡಿದಷ್ಟು ನಕ್ಷೆ, ಬರೆದಷ್ಟು ನಿಯಮ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬನ್ನಿ, ಅರ್ಧವಾಗಿದ್ದರೂ ತನ್ನಿ. ನಕ್ಷೆಗೆಂದು ಯಾರೂ ಕಣಿವೆಗೆ ಇಳಿಯಬೇಡಿ. ಅದು ಹುಲಿ ಮೀಸಲು ಅರಣ್ಯ, ಅಪ್ಪಣೆ ಇಲ್ಲದೆ ಕಾಲಿಡುವ ಜಾಗವಲ್ಲ. ಹಳೆಯ ಎತ್ತಿನ ದಾರಿ ಎಲ್ಲಿ ತಿರುಗುತ್ತಿತ್ತು, ಮಳೆಗಾಲದಲ್ಲಿ ಮೊಯಾರ್ ದಾಟಲು ಆಗುತ್ತಿತ್ತೇ, ನೀರು ಎಲ್ಲಿ ಸಿಗುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ, ನಿಮ್ಮೂರಿನ ಸೋಲಿಗರನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ. ಕಾಡಿನ ಚೌಕಗಳನ್ನು ಎಲ್ಲಿ ತೆರವು ಬಿಡಬೇಕು ಎಂಬುದನ್ನು ಆ ಟಿಪ್ಪಣಿ ನೋಡಿಯೇ ತೀರ್ಮಾನಿಸೋಣ.

ಪ್ರೀತಿಯಿಂದ,
ನಿಮ್ಮ ಬೆಟ್ಟದವನೇ ಆದ ಒಬ್ಬ ಆಟಗಾರ